ತೋಳಿನಿಂದ ತೋಳಿಗೆ: ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆಯ ಹಂಚಿಕೆ ಮತ್ತು ಜನಪದ ಗ್ರಹಿಕೆ

ಕರ್ನಾಟಕದಲ್ಲಿ ಆಧುನಿಕ ವೈದ್ಯದ ಚರಿತ್ರೆಯನ್ನು ಬರೆದವರ ಗಮನ ಸಾಮಾನ್ಯವಾಗಿ ಆಸ್ಪತ್ರೆಗಳ ಸ್ಥಾಪನೆ, ವೈದ್ಯಾಧಿಕಾರಿಗಳ ನೇಮಕ ಮತ್ತು ಕಾಯಿದೆಗಳ ಜಾರಿಯ ಮೇಲೆ ನೆಟ್ಟಿದೆ. ಔಷಧವೊಂದು ಊರಿಗೆ ಬಂದು ಸೇರಿದ ದಾರಿ, ಬಂದದ್ದು ಸಾಲದೆ ಹೋದಾಗ ಅದನ್ನು ಹಂಚಿದ ಬಗೆ, ಆ ಹಂಚಿಕೆಯನ್ನು ಜನ ಅರ್ಥಮಾಡಿಕೊಂಡ ರೀತಿ ಇವು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಲಸಿಕೆಯ ವಿಷಯದಲ್ಲಂತೂ ಇದು ದೊಡ್ಡ ಕೊರತೆ. ಲಸಿಕೆಯ ಕಥೆಯನ್ನು ಕಂಡುಹಿಡಿದವನ ಕಥೆಯಾಗಿ ಹೇಳುವುದು ರೂಢಿ. ಆದರೆ ಊರಿನ ಮಟ್ಟಿಗೆ ಅದು ಮೊದಲಿನಿಂದಲೂ ಹಂಚಿಕೆಯ ಕಥೆಯೇ ಆಗಿದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸೀಮೆಗೆ ಬಂದ ಗೋಸಿಡುಬಿನ ಲಸಿಕೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ರೋಗದ ಹೆಸರುಗಳನ್ನು ಗಮನಿಸಬೇಕು. ಶಿಷ್ಟ ಬರವಣಿಗೆಯಲ್ಲಿ ಸಿಡುಬು ಎನಿಸಿಕೊಂಡ ಈ ಬೇನೆ ಜನರ ಮಾತಿನಲ್ಲಿ ಮೈಲಿ, ಅಮ್ಮ, ದೇವಿ ಮುಂತಾದ ಹೆಸರುಗಳಿಂದ ಕರೆಸಿಕೊಂಡಿದೆ. ರೋಗ ‘ಬರುವುದಿಲ್ಲ’, ಅಮ್ಮ ಬರುತ್ತಾಳೆ. ವಾಸಿಯಾಗುವುದಿಲ್ಲ, ಅಮ್ಮ ಇಳಿಯುತ್ತಾಳೆ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ ಮೇಲೆ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ರೋಗಿಗೆ ಅಂಬಲಿ, ಮಜ್ಜಿಗೆ ಮೊದಲಾದ ತಂಪು ಆಹಾರ. ಬೊಕ್ಕೆಗಳು ಬಾಡಿದ ಮೇಲೆ ಎಣಿಸಿದ ದಿನಕ್ಕೆ ಬೇವು ಅರಿಶಿನದ ನೀರಿನಲ್ಲಿ ಸ್ನಾನ. ಇದೆಲ್ಲವನ್ನೂ ಮೂಢನಂಬಿಕೆಯೆಂಬ ಒಂದೇ ಮಾತಿನಲ್ಲಿ ತಳ್ಳಿಹಾಕಿದ ಬರಹಗಳು ಬೇಕಾದಷ್ಟಿವೆ. ಹೊರಗಿನವರಿಗೆ ಪ್ರವೇಶವಿಲ್ಲ ಎಂಬ ವಿಧಿ ಸೋಂಕು ಹರಡದಂತೆ ಮಾಡುತ್ತಿದ್ದ ಒಂದು ಏರ್ಪಾಡೂ ಹೌದೆಂಬುದು ಆ ಬರಹಗಳಲ್ಲಿ ಕಾಣುವುದಿಲ್ಲ.

ಲಸಿಕೆಗೆ ಜನ ಇಟ್ಟ ಹೆಸರುಗಳು ಇದಕ್ಕಿಂತಲೂ ಕುತೂಹಲಕರವಾಗಿವೆ. ಹಳೆಯ ಮೈಸೂರಿನ ಕಡೆ ‘ಮೈಲಿ ಹಾಕಿಸುವುದು’, ‘ದಾಕು ಹಾಕಿಸುವುದು’ ಎಂಬ ಮಾತುಗಳು ಬಳಕೆಯಲ್ಲಿದ್ದವು. ಮರಾಠಿಯ ಒಡನಾಟವಿರುವ ಉತ್ತರದ ಜಿಲ್ಲೆಗಳಲ್ಲಿ ‘ದೇವಿ ಹಾಕುವುದು’ ಎನ್ನುತ್ತಿದ್ದರು. ಅಂದರೆ ರೋಗಕ್ಕೂ ಅದನ್ನು ತಡೆಯುವ ಉಪಾಯಕ್ಕೂ ಹೆಸರು ಒಂದೇ. ಜನರು ಲಸಿಕೆಯನ್ನು ದೇವಿಯ ನಿರಾಕರಣೆಯೆಂದು ತಿಳಿಯದೆ, ಅವಳನ್ನು ಅಳತೆಯಲ್ಲಿ ಬರಮಾಡಿಕೊಳ್ಳುವ ಕ್ರಮವೆಂದು ತಿಳಿದಿದ್ದರೆಂದು ಈ ಪದಗಳಿಂದ ಊಹಿಸಬಹುದು. ಇಂದಿನ ಗ್ರಾಂಥಿಕ ಪದವಾದ ‘ಲಸಿಕೆ’ಯ ಮೂಲವೂ ಸ್ವಾರಸ್ಯಕರ. ಆಯುರ್ವೇದದಲ್ಲಿ ‘ಲಸೀಕಾ’ ಎಂದರೆ ಚರ್ಮ ಮಾಂಸಗಳ ನಡುವಿನ ತಿಳಿಯಾದ ದ್ರವ. ಇಂಗ್ಲಿಷಿನ ‘ವ್ಯಾಕ್ಸಿನ್’ ಹಸುವನ್ನು ನೆನಪಿಸಿದರೆ ಕನ್ನಡದ ಲಸಿಕೆ ಮನುಷ್ಯನ ಮೈಯೊಳಗಿನ ರಸವನ್ನು ನೆನಪಿಸುತ್ತದೆ. ಮುಂದೆ ಕಾಣುವಂತೆ, ಈ ಪದ ಅದರ ಮೊದಲ ನೂರು ವರ್ಷದ ಚರಿತ್ರೆಗೆ ಹೆಚ್ಚು ನಿಷ್ಠವಾಗಿದೆ.

ಎಡ್ವರ್ಡ್ ಜೆನ್ನರ್ ಗೋಸಿಡುಬಿನ ಕುರಿತ ತನ್ನ ಪ್ರಬಂಧವನ್ನು ಪ್ರಕಟಿಸಿದ್ದು ೧೭೯೮ರಲ್ಲಿ. ಇಂಗ್ಲೆಂಡಿನಿಂದ ಸಮುದ್ರಮಾರ್ಗವಾಗಿ ಲಸಿಕೆಯನ್ನು ಭಾರತಕ್ಕೆ ತಲುಪಿಸಲು ನಡೆದ ಆರಂಭದ ಪ್ರಯತ್ನಗಳು ಫಲಿಸಲಿಲ್ಲ. ತಿಂಗಳುಗಟ್ಟಲೆಯ ಪಯಣದಲ್ಲಿ, ಸಮಭಾಜಕದ ಸೆಕೆಯಲ್ಲಿ ರಸ ಸತ್ವ ಕಳೆದುಕೊಳ್ಳುತ್ತಿತ್ತು. ಕೊನೆಗೆ ಅದು ಬಂದದ್ದು ಬೇರೆಯೇ ದಾರಿಯಲ್ಲಿ. ವಿಯೆನ್ನಾದ ವೈದ್ಯ ಜೀನ್ ದ ಕಾರೊ ಕಳುಹಿಸಿದ ರಸ ಬಾಗ್ದಾದನ್ನು ತಲುಪಿ, ಅಲ್ಲಿಂದ ಬಸ್ರಾಕ್ಕೆ ಸಾಗಿ, ಬಸ್ರಾದಿಂದ ಹಡಗಿನಲ್ಲಿ ಮುಂಬಯಿಗೆ ಬಂದಿತು. ೧೮೦೨ನೇ ಜೂನ್ ೧೪ರಂದು ಮುಂಬಯಿಯಲ್ಲಿ ಹಲವರಿಗೆ ಅದನ್ನು ಹಾಕಿದರೂ ಬೊಕ್ಕೆ ಸರಿಯಾಗಿ ಎದ್ದದ್ದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲಕಿಯ ತೋಳಿನಲ್ಲಿ ಮಾತ್ರ. ಅವಳ ತೋಳಿನ ರಸದಿಂದ ಮುಂದಿನ ವಾರ ಐವರು ಮಕ್ಕಳಿಗೆ, ಆ ಐವರಿಂದ ಇನ್ನಷ್ಟು ಮಕ್ಕಳಿಗೆ ಹೀಗೆ ಅದು ಹರಡುತ್ತ ಹೋಯಿತು. ಹೈದರಾಬಾದ್, ತಲಚೇರಿ, ಕೊಚ್ಚಿ, ಮದರಾಸುಗಳಿಗೆ ಹರಿದ ಲಸಿಕೆಯೆಲ್ಲ ಈ ಒಂದು ಮಗುವಿನ ತೋಳಿನ ಸಂತತಿ. ಆನಾ ಡಸ್ಟ್‌ಹಾಲಳ ಹೆಸರು ಮೊದಲನೆಯವಳೆಂಬ ಕಾರಣಕ್ಕೆ ಚರಿತ್ರೆಯಲ್ಲಿ ಉಳಿಯಿತು. ಅವಳ ನಂತರದ ಐವರ ವಿಷಯದಲ್ಲಿ ಚರಿತ್ರೆಕಾರರಿಗೆ ಅಂಥ ಆಸಕ್ತಿ ಇರಲಿಲ್ಲ.

ಈ ಸರಪಳಿಯ ಕೆಲಸ ಹೇಗಿತ್ತೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅಗತ್ಯ; ಹಂಚಿಕೆಯ ಸಮಸ್ಯೆಯೆಲ್ಲ ಅದರಲ್ಲೇ ಅಡಗಿದೆ. ಮಗುವಿನ ತೋಳನ್ನು ಗೀರಿ ರಸ ಹಾಕಿದ ಮೇಲೆ ಬೊಕ್ಕೆ ಪಕ್ವವಾಗುವುದಕ್ಕೆ ಸುಮಾರು ಎಂಟು ದಿನ ಹಿಡಿಯುತ್ತದೆ. ಎಂಟನೆಯ ದಿನದ ಹೊತ್ತಿಗೆ ಅದರಲ್ಲಿ ತುಂಬಿರುವ ತಿಳಿರಸವನ್ನು ತೆಗೆದು ಬೇರೆ ಮಗುವಿನ ತೋಳಿಗೆ ಹಾಕಬೇಕು. ಎರಡು ಮೂರು ದಿನ ತಡವಾದರೆ ರಸ ಕೀವಾಗುತ್ತದೆ, ಪ್ರಯೋಜನಕ್ಕೆ ಬಾರದು. ನೂಲಿಗೆ ಹಚ್ಚಿ ಒಣಗಿಸಿ, ಗಾಜಿನ ತುಂಡುಗಳ ನಡುವೆ ಇಟ್ಟು ಅರಗಿನಿಂದ ಮುಚ್ಚಿ ಕಳುಹಿಸುವ ಪದ್ಧತಿಯಿತ್ತಾದರೂ ನಮ್ಮ ಬಿಸಿಲಿಗೆ ಅದು ಬೇಗ ಕೆಡುತ್ತಿತ್ತು. ಆದ್ದರಿಂದ ಲಸಿಕೆಯನ್ನು ಕೂಡಿಡುವುದಕ್ಕೆ ಉಗ್ರಾಣವೆಂಬುದೇ ಇರಲಿಲ್ಲ. ಅದು ಇರುತ್ತಿದ್ದದ್ದು ಮಕ್ಕಳ ತೋಳುಗಳಲ್ಲಿ, ಅದೂ ಎಂಟು ದಿನದ ಮಟ್ಟಿಗೆ.

ಇದರಿಂದ ವಿಚಿತ್ರವಾದ ಒಂದು ಲೆಕ್ಕಾಚಾರ ಹುಟ್ಟುತ್ತದೆ. ಒಂದು ಕಸಬೆಯಲ್ಲಿ ಸಿಡುಬು ಕಾಣದ, ಲಸಿಕೆ ಹಾಕದ ನೂರು ಮಕ್ಕಳಿದ್ದಾರೆ ಎಂದುಕೊಳ್ಳೋಣ. ಒಂದೊಂದು ತೋಳಿನಿಂದ ಐದಾರು ಮಕ್ಕಳಿಗೆ ರಸ ಸಿಕ್ಕರೂ ಮೂರು ವಾರದೊಳಗೆ ನೂರು ಮಕ್ಕಳಿಗೂ ಹಾಕಿ ಮುಗಿಸಬಹುದು. ನಾಲ್ಕನೆಯ ವಾರ ರಸವನ್ನು ಪಡೆಯಲು ಒಂದು ತೋಳೂ ಉಳಿದಿರುವುದಿಲ್ಲ. ಅಷ್ಟು ದೂರದಿಂದ ಬಂದ ಲಸಿಕೆ ಅಲ್ಲಿಗೆ ಸಾಯುತ್ತದೆ. ಮುಂದಿನ ವರ್ಷ ಹುಟ್ಟುವ ಮಕ್ಕಳಿಗೆ, ಪಕ್ಕದ ತಾಲ್ಲೂಕಿಗೆ ಮತ್ತೆ ಮದರಾಸಿನಿಂದಲೋ ಶ್ರೀರಂಗಪಟ್ಟಣದಿಂದಲೋ ತರಿಸಬೇಕು. ಹೀಗಾಗಿ ಸರಪಳಿ ಕಡಿಯದಂತೆ ನೋಡಿಕೊಳ್ಳಬೇಕಾದರೆ ಎಲ್ಲರಿಗೂ ಒಮ್ಮೆಗೇ ಹಾಕಬಾರದು. ವಾರಕ್ಕೆ ಇಷ್ಟು ಮಕ್ಕಳೆಂದು ಗೊತ್ತುಮಾಡಿ, ಉಳಿದವರನ್ನು ಬರುವ ವಾರಗಳಿಗೆಂದು ಕಾದಿರಿಸಬೇಕು. ಕಾದಿರಿಸಿದ ಮಗುವಿಗೆ ಆ ನಡುವೆಯೇ ಸಿಡುಬು ತಗುಲಿದರೆ? ಲಸಿಕೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಕೆಲವು ಮಕ್ಕಳನ್ನು ರಕ್ಷಣೆಯಿಲ್ಲದೆ ಬಿಡಬೇಕಾದ ಈ ಸಂದಿಗ್ಧ ಅಂದಿನ ಏರ್ಪಾಡಿನ ಒಡಲಿನಲ್ಲೇ ಇತ್ತು.

ಇದೇ ಕಾಲದಲ್ಲಿ ಸ್ಪೇನಿನ ದೊರೆ ಅಮೆರಿಕದ ತನ್ನ ವಸಾಹತುಗಳಿಗೆ ಲಸಿಕೆ ಕಳುಹಿಸಿದ ಬಗೆಯನ್ನು ಇಲ್ಲಿ ಹೋಲಿಸಿ ನೋಡಬಹುದು. ೧೮೦೩ರ ನವೆಂಬರಿನಲ್ಲಿ ಬಾಲ್ಮಿಸ್ ಎಂಬ ವೈದ್ಯ ಇಪ್ಪತ್ತೆರಡು ಅನಾಥ ಬಾಲಕರನ್ನು ಹಡಗಿನಲ್ಲಿ ಕರೆದೊಯ್ದು, ದಾರಿಯುದ್ದಕ್ಕೂ ಎರಡೆರಡು ಮಕ್ಕಳಂತೆ ಸರದಿಯ ಮೇಲೆ ಲಸಿಕೆ ಹಾಕಿ ರಸವನ್ನು ಜೀವಂತವಾಗಿಟ್ಟನು. ಹಡಗಿನಲ್ಲಿ ಮಕ್ಕಳ ಎಣಿಕೆ ನಿಶ್ಚಿತ, ಪಯಣದ ದಿನಗಳ ಅಂದಾಜೂ ಇತ್ತು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇವೆರಡೂ ಇರಲಿಲ್ಲ. ಅನಾಥರಲ್ಲದ ಮಕ್ಕಳಿಗೆ ತಂದೆತಾಯಿಗಳಿದ್ದರು, ಅವರು ಬೇಡವೆನ್ನಬಹುದಾಗಿತ್ತು.

ಮೈಸೂರಿನಲ್ಲಿ ಅರಮನೆಗೇ ಈ ರೋಗದ ಪೆಟ್ಟು ಬಿದ್ದಿತ್ತು. ಮೂರನೆಯ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು ೧೭೯೬ರಲ್ಲಿ ತೀರಿಕೊಂಡದ್ದು ಸಿಡುಬಿನಿಂದ. ೧೭೯೯ರಲ್ಲಿ ಐದು ವರ್ಷದ ಬಾಲಕ ಪಟ್ಟವೇರಿದಾಗ ರಾಜ್ಯದ ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿಯೂ ಅರಮನೆಯ ಸೂತ್ರ ವೃದ್ಧೆ ಲಕ್ಷ್ಮಮ್ಮಣ್ಣಿಯವರ ಕೈಯಲ್ಲಿಯೂ ಇತ್ತು. ಸುಮಾರು ೧೮೦೫ರಲ್ಲಿ ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ ಬರೆದ, ಮೂವರು ಸ್ತ್ರೀಯರಿರುವ ತೈಲಚಿತ್ರವೊಂದನ್ನು ಬಹುಕಾಲ ನರ್ತಕಿಯರ ಚಿತ್ರವೆಂದೇ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರು ೨೦೦೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಬೇರೆಯೇ ಅರ್ಥ ನೀಡಿದರು. ಅವರ ಪ್ರಕಾರ ಇದು ಮೈಸೂರಿನ ರಾಣಿಯರ ಚಿತ್ರ. ಬಲಗಡೆ ನಿಂತಿರುವವರು ಕೃಷ್ಣರಾಜರನ್ನು ಆಗತಾನೆ ವಿವಾಹವಾಗಿ ಬಂದ ಕಿರಿಯ ರಾಣಿ ದೇವಾಜಮ್ಮಣ್ಣಿ. ಸೀರೆ ಸರಿದ ಎಡತೋಳಿನ ಕಡೆಗೆ ಅವರ ಬಲಗೈ ಬೆರಳು ತೋರುತ್ತಿದೆ, ಅದು ಲಸಿಕೆ ಹಾಕಿಸಿಕೊಂಡ ಜಾಗ. ಎಡಗಡೆಯ ಹಿರಿಯ ರಾಣಿಯ ಹೆಸರೂ ದೇವಾಜಮ್ಮಣ್ಣಿಯೇ. ಅವರ ಮೂಗು ಬಾಯಿಗಳ ಸುತ್ತ ಕಾಣುವ ಬಣ್ಣದ ವ್ಯತ್ಯಾಸ, ಸಿಡುಬಿನ ಒಣ ಹಕ್ಕಳೆಯ ಪುಡಿಯನ್ನೇ ಬಳಸುವ ಹಳೆಯ ಪದ್ಧತಿಯ ಗುರುತಿರಬೇಕೆಂದು ಚಾನ್ಸೆಲರ್ ಹೇಳುತ್ತಾರೆ. ನಡುವಿನವರು ಲಕ್ಷ್ಮಮ್ಮಣ್ಣಿ. ಕಿರಿಯ ರಾಣಿ ಲಸಿಕೆ ಹಾಕಿಸಿಕೊಂಡದ್ದು ಜನರ ಮೇಲೆ ಒಳ್ಳೆಯ ಪರಿಣಾಮ ಬೀರಿತೆಂಬ ೧೮೦೬ರ ಜುಲೈ ತಿಂಗಳ ದಾಖಲೆಯೊಂದನ್ನೂ ಅವರು ಉಲ್ಲೇಖಿಸುತ್ತಾರೆ.

೨೦೨೦ರ ನಂತರ, ಕೊರೋನಾ ಲಸಿಕೆಯ ದಿನಗಳಲ್ಲಿ, ಈ ಚಿತ್ರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡು ಪ್ರಸಿದ್ಧವಾಯಿತು. ಲಸಿಕೆಗೆ ಪ್ರಜೆಗಳನ್ನು ಒಲಿಸಲು ರಾಣಿಯರೇ ಮುಂದೆ ಬಂದರೆಂಬುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಹಂಚಿಕೆಯ ಚರಿತ್ರೆಗೆ ಈ ಚಿತ್ರ ಅರ್ಧ ಸಾಕ್ಷ್ಯವನ್ನು ಮಾತ್ರ ಒದಗಿಸುತ್ತದೆ. ರಾಣಿಯ ತೋಳಿಗೆ ಬಂದ ರಸ ಯಾರ ತೋಳಿನದು, ರಾಣಿಯ ತೋಳಿನಿಂದ ಅದು ಮತ್ತೊಬ್ಬರ ತೋಳಿಗೆ ಹೋಯಿತೇ ಎಂಬುದನ್ನು ಚಿತ್ರ ಹೇಳುವುದಿಲ್ಲ. ಪಡೆದ ತೋಳಿಗೆ ಚಿತ್ರಕಾರ ದೊರೆತ; ಕೊಟ್ಟ ತೋಳು ಚೌಕಟ್ಟಿನ ಹೊರಗೇ ಉಳಿಯಿತು.

ಹಳ್ಳಿಗಳಲ್ಲಿ ಈ ಕೆಲಸ ನಡೆಸಿದವರಲ್ಲಿ ಅಬ್ಬೆ ದುಬಾಯ್ ಪ್ರಮುಖರು. ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯಲ್ಲಿ ನೆಲೆಸಿ, ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಗ್ರಂಥದಿಂದ ಹೆಸರಾದ ಈ ಫ್ರೆಂಚ್ ಪಾದ್ರಿ ೧೮೦೩–೦೪ರ ಅವಧಿಯಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿ ಜನರಿಗೆ ಲಸಿಕೆ ಹಾಕಿಸಿ ಅವರ ಲೆಕ್ಕವನ್ನು ಇಟ್ಟಿದ್ದರೆಂದು ತಿಳಿದುಬರುತ್ತದೆ. ಜಾತಿಪದ್ಧತಿಯ ಬಗ್ಗೆ ಅವರ ಅಭಿಪ್ರಾಯಗಳು ಏನೇ ಇರಲಿ, ಈ ಸಂಖ್ಯೆಯ ಹಿಂದಿನ ಶ್ರಮವನ್ನು ಕಡೆಗಣಿಸಲಾಗದು. ವಾರ ವಾರವೂ ಪಕ್ವವಾದ ಬೊಕ್ಕೆಯಿರುವ ಮಕ್ಕಳನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಕರೆದೊಯ್ಯದೆ, ಅಲ್ಲಿ ಹೊಸ ಮಕ್ಕಳನ್ನು ಮೊದಲೇ ಕೂಡಿಸಿಡದೆ ಇಷ್ಟು ದೊಡ್ಡ ಸಂಖ್ಯೆ ಸಾಧ್ಯವಿಲ್ಲ. ಗೌಡ, ಶಾನುಭೋಗ, ತೋಟಿ, ತಳವಾರರಿಂದ ಕೂಡಿದ ಗ್ರಾಮವ್ಯವಸ್ಥೆಯ ನೆರವಿಲ್ಲದೆ ಇಂಥ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗಲಾರದು.

ಇಲ್ಲಿ ಜಾನಪದದ ಒಂದು ಆಚರಣೆಯನ್ನು ನೆನೆಯುವುದು ಉಚಿತ. ಊರಿಗೆ ಮಾರಿಬೇನೆ ಬಂದಾಗ ಮಾರಿಯ ಗೊಂಬೆಯನ್ನು ಮೊರದಲ್ಲೋ ಪುಟ್ಟ ಬಂಡಿಯಲ್ಲೋ ಇರಿಸಿ, ಪೂಜೆ ಬಲಿಗಳನ್ನು ಒಪ್ಪಿಸಿ, ಊರಿನ ಗಡಿ ದಾಟಿಸಿ ಬರುವ ಪದ್ಧತಿ ಕರ್ನಾಟಕದ ಅನೇಕ ಕಡೆ ಇದೆ. ಗಡಿಯಾಚೆಯ ಊರಿನವರು ಅದನ್ನು ತಮ್ಮ ಗಡಿಯಿಂದ ಮುಂದಕ್ಕೆ ಸಾಗಿಸುತ್ತಾರೆ. ಹೀಗೆ ಊರಿನಿಂದ ಊರಿಗೆ ಮಾರಿ ಸಾಗುತ್ತಾಳೆ. ಈ ಕಾರ್ಯದಲ್ಲಿ ಯಾವ ಮನೆಯವರು ಏನು ಕೊಡಬೇಕು, ಯಾರು ಹೊರಬೇಕು, ಯಾರು ಮುಂದೆ ನಡೆಯಬೇಕು ಎಂಬುದೆಲ್ಲ ಮೊದಲೇ ಗೊತ್ತಾಗಿರುತ್ತದೆ. ಹೊರುವ ಕೆಲಸ, ಬಲಿಯ ಕೆಲಸ ಬಹುತೇಕ ಅಸ್ಪೃಶ್ಯರೆನಿಸಿಕೊಂಡವರ ಪಾಲಿನದು. ಊರಿನ ಕ್ಷೇಮಕ್ಕಾಗಿ ಊರಿನ ಹೊರಗಿನವರು ಅಪಾಯವನ್ನು ಹೊರುವ ಈ ಕ್ರಮವನ್ನು ಲಸಿಕೆಯ ಸರಪಳಿಯ ಪಕ್ಕದಲ್ಲಿಟ್ಟು ನೋಡಿದರೆ ಸಾಮ್ಯ ಎದ್ದು ಕಾಣುತ್ತದೆ. ವಸಾಹತು ಕಾಲದ ಲಸಿಕೆಯ ಕಾರ್ಯದಲ್ಲಿ ರಸ ಕೊಡಲು ಸಿಗುತ್ತಿದ್ದವರು ಬಹುಮಟ್ಟಿಗೆ ಬಡವರ, ಕೆಳಜಾತಿಗಳ ಮಕ್ಕಳು ಎಂಬುದನ್ನೂ, ಮೇಲುಜಾತಿಯವರು ಆಕ್ಷೇಪಿಸುತ್ತಿದ್ದದ್ದು ಇದನ್ನೇ ಎಂಬುದನ್ನೂ ಡೇವಿಡ್ ಆರ್ನಾಲ್ಡ್ ಅವರು ೧೯೯೩ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಮುಟ್ಟಬಾರದವರ ಮೈಯ ರಸ ತಮ್ಮ ಮಕ್ಕಳ ಮೈಗೆ ಸೇರುವುದೆಂಬ ಅಳುಕು ಒಂದು ಕಡೆ. ತಮ್ಮ ಮಗುವಿನ ಮೈಯಿಂದ ತೆಗೆದದ್ದು ಕಾಣದವರ ಪಾಲಾಗುವುದೆಂಬ ಸಂಕಟ ಇನ್ನೊಂದು ಕಡೆ. ದಾಖಲೆಗಳಲ್ಲಿ ಮೊದಲನೆಯದು ಸಾಕಷ್ಟು ಕಾಣುತ್ತದೆ, ಎರಡನೆಯದಕ್ಕೆ ಜಾಗ ಬಹಳ ಕಡಿಮೆ.

ಎರಡನೆಯದೇ ಹೆಚ್ಚು ಗಂಭೀರವಾದದ್ದು. ಲಸಿಕೆ ಹಾಕುವವನು ಮೊದಲ ದಿನ ಬಂದು ಹೋದರೆ ಮುಗಿಯುತ್ತಿರಲಿಲ್ಲ. ಎಂಟನೆಯ ದಿನ ಮತ್ತೆ ಬರುತ್ತಿದ್ದ. ಆ ವೇಳೆಗೆ ಮಗುವಿಗೆ ಸ್ವಲ್ಪ ಜ್ವರ, ತೋಳಿನಲ್ಲಿ ಕೆಂಪು, ಉರಿ. ತಾಯಿಯ ಲೆಕ್ಕದಲ್ಲಿ ಅದು ಅಮ್ಮ ಮನೆಯಲ್ಲಿರುವ ಕಾಲ, ಹೊರಗಿನವರು ಬರಬಾರದ ಕಾಲ. ಅಂಥ ದಿನವೇ ಅಪರಿಚಿತನೊಬ್ಬ ಬಂದು ಮಗುವನ್ನು ಹೊರಗೆ ತರಲು ಹೇಳಿ, ಬೊಕ್ಕೆಯನ್ನು ಚುಚ್ಚಿ, ರಸ ತೆಗೆದುಕೊಂಡು ಹೋಗುತ್ತಿದ್ದ. ಮಗುವಿಗೆ ಇದರಿಂದ ಯಾವ ಲಾಭವೂ ಇಲ್ಲ. ಅದಕ್ಕೆ ಸಿಗಬೇಕಾದ ರಕ್ಷಣೆ ಆಗಲೇ ಸಿಕ್ಕಿತ್ತು. ಎಂಟನೆಯ ದಿನ ಮಗುವನ್ನು ಬಚ್ಚಿಟ್ಟ ತಾಯಿಯನ್ನು ಅಧಿಕಾರಿಗಳು ಅಜ್ಞಾನಿಯೆಂದು ಕರೆದರೆ, ಮೊದಲ ದಿನ ಮಗುವನ್ನು ತಾನಾಗಿ ತಂದು ಒಪ್ಪಿಸಿದವಳೂ ಅವಳೇ ಎಂಬುದನ್ನು ಮರೆತಂತಾಗುತ್ತದೆ. ಅವಳಿಗೆ ಲಸಿಕೆಯ ವಿಷಯದಲ್ಲಿ ವಿರೋಧವಿರಲಿಲ್ಲ, ವಸೂಲಿಯ ವಿಷಯದಲ್ಲಿತ್ತು. ಹೊಸ ತೆರಿಗೆ ಹಾಕುವುದಕ್ಕೋ ಮಕ್ಕಳನ್ನು ಹಿಡಿದೊಯ್ಯುವುದಕ್ಕೋ ಸರ್ಕಾರ ಗುರುತು ಹಾಕುತ್ತಿದೆಯೆಂಬ ವದಂತಿಗಳು ಆ ಶತಮಾನದುದ್ದಕ್ಕೂ ದೇಶದ ಬೇರೆ ಬೇರೆ ಭಾಗಗಳಲ್ಲಿ ಹಬ್ಬಿದ್ದವು. ವದಂತಿಯ ವಿವರ ಸುಳ್ಳಿರಬಹುದು. ಸರ್ಕಾರ ಕೊಡುವುದರ ಜೊತೆಗೆ ತೆಗೆದುಕೊಳ್ಳುವುದಕ್ಕೂ ಬಂದಿದೆಯೆಂಬ ಅದರ ತಿರುಳು ಸುಳ್ಳಲ್ಲ. ತೋಳಿನಿಂದ ತೋಳಿಗೆ ಬೇರೆ ರೋಗಗಳೂ ದಾಟುವ ಅಪಾಯವಿತ್ತೆಂಬುದು ಮುಂದೆ ಯೂರೋಪಿನಲ್ಲೇ ಸಾಬೀತಾಯಿತು. ೧೮೬೧ರಲ್ಲಿ ಇಟಲಿಯ ರಿವಾಲ್ಟಾ ಎಂಬಲ್ಲಿ ಹೀಗೆ ಹಲವು ಮಕ್ಕಳಿಗೆ ಮೇಹರೋಗ ಅಂಟಿತು. ಇಂಗ್ಲೆಂಡಿನಲ್ಲಿ ಈ ಪದ್ಧತಿಯನ್ನು ಕಾನೂನಿನಿಂದ ನಿಲ್ಲಿಸಿದ್ದು ೧೮೯೮ರಲ್ಲಿ.

ಜನರನ್ನು ಒಲಿಸಲು ಕಂಪನಿಯ ವಿದ್ವಾಂಸರು ಹೂಡಿದ ಒಂದು ಉಪಾಯವಂತೂ ಜಾನಪದ ಅಧ್ಯಯನಕಾರರು ಎಚ್ಚರದಿಂದ ನೋಡಬೇಕಾದದ್ದು. ಮದರಾಸಿನ ಎಫ್. ಡಬ್ಲ್ಯು. ಎಲ್ಲಿಸ್ ಲಸಿಕೆಯನ್ನು ಕುರಿತು ಸಂಸ್ಕೃತದಲ್ಲಿ ಪದ್ಯ ರಚಿಸಿ, ಅದು ಪ್ರಾಚೀನವೆಂಬ ಭಾವನೆ ಬರುವಂತೆ ಹಳೆಯ ಕಾಗದದ ಮೇಲೆ ಬರೆಯಿಸಿದನೆಂದು ಜಾನ್ ಮಾಲ್ಕಂ ದಾಖಲಿಸಿದ್ದಾನೆ. ೧೮೧೯ರಲ್ಲಿ ‘ಮದ್ರಾಸ್ ಕೊರಿಯರ್’ ಪತ್ರಿಕೆಯಲ್ಲಿ ‘ಕಲ್ವಿ ವಿರುಂಬನ್’ ಎಂಬ ಗುಪ್ತನಾಮದ ಪತ್ರವೊಂದು ಧನ್ವಂತರಿಯ ಗ್ರಂಥದಲ್ಲೇ ಗೋಸಿಡುಬಿನ ಲಸಿಕೆ ಇದೆಯೆಂದು ಸಾರಿತು. ಆ ಪತ್ರ ಮುಂದೆ ಯೂರೋಪಿನ ಗ್ರಂಥಗಳಿಗೆ ಸೇರಿ, ಅಲ್ಲಿಂದ ತಿರುಗಿ ಭಾರತಕ್ಕೆ ಬಂದು, ಲಸಿಕೆ ನಮ್ಮ ಪೂರ್ವಿಕರ ಸ್ವತ್ತೆಂಬ ನಂಬಿಕೆಗೆ ಆಧಾರವಾಯಿತು. ಡೊಮಿನಿಕ್ ವುಯಾಸ್ಟಿಕ್ ಅವರು ೧೯೮೭ರ ಲೇಖನದಲ್ಲಿ ಈ ಹುಸಿ ಆಧಾರದ ಜಾಡನ್ನು ಬಿಡಿಸಿ ತೋರಿಸಿದ್ದಾರೆ. ಸಿಡುಬಿನ ಪುಡಿಯನ್ನೇ ಹಾಕುವ ಪದ್ಧತಿ ಬಂಗಾಳದ ಟೀಕಾದಾರರಲ್ಲಿ ನಿಜವಾಗಿಯೂ ಇತ್ತು. ಗೋಸಿಡುಬಿನ ಮಾತು ಮಾತ್ರ ಕಟ್ಟಿದ್ದು. ಕಟ್ಟಿದ ಪುರಾಣದ ಬದಲು ಜನರ ಬಳಿ ಇದ್ದ ‘ಮೈಲಿ ಹಾಕುವುದು’ ಎಂಬ ಸರಳ ಮಾತನ್ನೇ ಅವರು ಆಲಿಸಿದ್ದರೆ ಸಾಕಿತ್ತು.

ತೋಳುಗಳ ಅವಲಂಬನೆ ಕಡಿಮೆಯಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಕರುವಿನ ಮೈಯಲ್ಲಿ ರಸ ಬೆಳೆಸುವ ಕ್ರಮ ಬಂದ ಮೇಲೆ. ಬೆಂಗಳೂರಿನ ಲಸಿಕಾ ಸಂಸ್ಥೆ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮುಂಬಯಿ ಸರ್ಕಾರ ಬೆಳಗಾವಿಯಲ್ಲಿ ತೆರೆದ ಸಂಸ್ಥೆ ಇವೆರಡೂ ಈ ಬದಲಾವಣೆಯ ಫಲ. ಬೆಳಗಾವಿಯವರು ಆ ಆವರಣವನ್ನು ಇಂದಿಗೂ ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. ಬೆಂಗಳೂರಿನ ಸಂಸ್ಥೆಯಲ್ಲಿ ಕೆಲಸ ಮಾಡಿದವರಲ್ಲಿ ಡಾ. ಪಲ್ಪು ಅವರ ಹೆಸರು ಉಲ್ಲೇಖನೀಯ. ಈಳವ ಜಾತಿಯಲ್ಲಿ ಹುಟ್ಟಿದರೆಂಬ ಕಾರಣಕ್ಕೆ ಸ್ವಂತ ನಾಡಾದ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರಿನ ಸೇವೆಗೆ ಸೇರಿದ ಈ ವೈದ್ಯರು ಇಲ್ಲಿ ಲಸಿಕೆ ತಯಾರಿಸಿದರು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ರೋಗಿಗಳ ಶಿಬಿರಗಳಲ್ಲಿ ದುಡಿದರು. ಯಾರ ಮೈಯ ರಸವೆಂದು ಕೇಳುತ್ತಿದ್ದ ಮನೆಗಳ ಮಕ್ಕಳಿಗೂ ಅವರ ಕೈಯಿಂದ ಸಿದ್ಧವಾದ ಲಸಿಕೆ ಸಂದಿತು. ಈ ಸಂಗತಿಯನ್ನು ಮೈಸೂರಿನ ವೈದ್ಯಚರಿತ್ರೆಯಲ್ಲಿ ಇನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕಾಗಿದೆ.

ಪ್ಲೇಗಿನ ಲಸಿಕೆಯದು ಬೇರೆ ಜಾತಿಯ ಕೊರತೆ. ೧೮೯೭ರ ಜನವರಿಯಲ್ಲಿ ಹಾಫ್‌ಕಿನ್ ಮುಂಬಯಿಯಲ್ಲಿ ಸಿದ್ಧಪಡಿಸಿ ಮೊದಲು ತನ್ನ ಮೇಲೆಯೇ ಪ್ರಯೋಗಿಸಿಕೊಂಡ ಈ ಲಸಿಕೆ ಪ್ರಯೋಗಶಾಲೆಯ ಬಾಟಲಿಗಳಲ್ಲಿ ಬರುತ್ತಿತ್ತು. ಮರುವರ್ಷ ಹುಬ್ಬಳ್ಳಿಯಲ್ಲಿ ಡಾ. ಲ್ಯೂಮನ್ ಅವರ ಮೇಲ್ವಿಚಾರಣೆಯಲ್ಲಿ ಕೆಲವೇ ತಿಂಗಳುಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು. ಇಲ್ಲಿ ಪಡೆದವರು ಯಾರಿಗೂ ಏನನ್ನೂ ಹಿಂದಿರುಗಿಸಬೇಕಾಗಿರಲಿಲ್ಲ; ಬಾಟಲಿ ಬರುವುದು ತಡವಾದರೆ ಕಾಯಬೇಕಾಗಿತ್ತು, ಅಷ್ಟೆ. ಆದರೂ ಜನರ ಕಲ್ಪನೆ ಹಳೆಯ ದಾರಿಯಲ್ಲೇ ನಡೆಯಿತು. ಬೆಂಗಳೂರು ಮುಂತಾದ ಕಡೆ ಪ್ಲೇಗಮ್ಮ ಎಂಬ ಹೊಸ ದೇವತೆ ನೆಲೆಗೊಂಡಳು. ಬಿಷಪ್ ವೈಟ್‌ಹೆಡ್ ದಕ್ಷಿಣ ಭಾರತದ ಗ್ರಾಮದೇವತೆಗಳನ್ನು ಕುರಿತ ತನ್ನ ಗ್ರಂಥದಲ್ಲಿ ಅವಳನ್ನು ಹೆಸರಿಸಿದ್ದಾನೆ.

ಯಾರ ತೋಳಿನಿಂದ ಎಂಬ ಪ್ರಶ್ನೆ ಹೀಗೆ ಯಾರಿಗೆ ಮೊದಲು ಎಂಬ ಪ್ರಶ್ನೆಯಾಗಿ ಮಾರ್ಪಟ್ಟಿತು. ಫ್ಲೂ ಜ್ವರದ ಲಸಿಕೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ವೈರಾಣು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಈ ಲಸಿಕೆಯನ್ನು ಪ್ರತಿವರ್ಷವೂ, ಹೆಚ್ಚಾಗಿ ಕೋಳಿಮೊಟ್ಟೆಗಳಲ್ಲಿ, ಹೊಸದಾಗಿ ಬೆಳೆಸಬೇಕಾಗುತ್ತದೆ. ಕೊರತೆಯಾದರೆ ಆ ಋತುವಿನೊಳಗೆ ತುಂಬಿಕೊಳ್ಳುವುದು ಅಸಾಧ್ಯ. ೨೦೦೪ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ಕಾರ್ಖಾನೆಯೊಂದರ ಪರವಾನಗಿ ಅಮಾನತಾಗಿ, ಅಮೆರಿಕ ನಿರೀಕ್ಷಿಸಿದ್ದ ಲಸಿಕೆಯ ಸುಮಾರು ಅರ್ಧಭಾಗ ಬಾರದೆ ಹೋಯಿತು. ವೃದ್ಧರು, ಎಳೆಯ ಮಕ್ಕಳು, ಗರ್ಭಿಣಿಯರು, ದೀರ್ಘರೋಗಿಗಳಿಗೆ ಮೊದಲೆಂದು ಕೇಂದ್ರ ಸಂಸ್ಥೆ ಪಟ್ಟಿ ಮಾಡಿತು. ಆದರೆ ಇದ್ದ ಡೋಸುಗಳು ಪಟ್ಟಿಯಲ್ಲಿದ್ದವರಿಗೂ ಸಾಲದೆ ಹೋದಾಗ ನಿರ್ಧಾರ ಊರುಗಳ ಆರೋಗ್ಯ ಇಲಾಖೆಗಳ ತಲೆಗೆ ಬಂತು. ನ್ಯೂಜೆರ್ಸಿಯ ಬ್ಲೂಮ್‌ಫೀಲ್ಡ್ ಪಟ್ಟಣ ಚೀಟಿ ಎತ್ತುವ ಕ್ರಮಕ್ಕೆ ಮೊರೆಹೋಯಿತು. ಕೆರೆಯ ನೀರಿನ ಸರದಿ, ಜಾತ್ರೆಯ ಮರ್ಯಾದೆಗಳಂಥ ವಿಷಯಗಳಲ್ಲಿ ಚೀಟಿ ಎತ್ತಿ ತೀರ್ಮಾನಿಸುವುದನ್ನು ಬಲ್ಲ ನಮ್ಮ ಹಳ್ಳಿಗರಿಗೆ ಇದರಲ್ಲಿ ಸೋಜಿಗವೇನೂ ಕಾಣದು. ಎಲ್ಲರ ಹಕ್ಕೂ ಸಮನಾಗಿದ್ದು ವಸ್ತು ಸಾಲದೆ ಹೋದಾಗ ಮನುಷ್ಯನ ತೀರ್ಪಿಗಿಂತ ಚೀಟಿಯ ತೀರ್ಪಿನ ಮೇಲೆ ದೂರು ಕಡಿಮೆ.

ಸಿಡುಬಿನ ಕೊನೆಯ ಅಧ್ಯಾಯ ನಡೆದದ್ದೂ ಕೊರತೆಯಿಂದಲೇ. ೧೯೬೬ರ ಡಿಸೆಂಬರಿನಲ್ಲಿ ಪೂರ್ವ ನೈಜೀರಿಯದಲ್ಲಿ ವಿಲಿಯಂ ಫೋಗಿ ಎಂಬ ವೈದ್ಯನ ಬಳಿ ಎಲ್ಲರಿಗೂ ಸಾಕಾಗುವಷ್ಟು ಲಸಿಕೆ ಇರಲಿಲ್ಲ. ರೋಗ ಕಂಡ ಮನೆಯನ್ನು ಹುಡುಕಿ ಅದರ ಸುತ್ತಣ ಜನರಿಗೆ, ರೋಗ ಮುಂದೆ ಹೋಗಬಹುದಾದ ಊರುಗಳಿಗೆ ಮಾತ್ರ ಆತ ಲಸಿಕೆ ಹಾಕಿಸಿದನು. ಇದ್ದುದರಲ್ಲಿ ಸಾಗಿಸುವ ಈ ಉಪಾಯ ಎಲ್ಲರಿಗೂ ಹಾಕುವ ಯೋಜನೆಗಿಂತ ಫಲಕಾರಿಯೆಂದು ತಿಳಿದುಬಂದಿತು. ಬಿಸಿಲಿಗೆ ಕೆಡದ ಒಣಲಸಿಕೆ, ಹಿಂದೆ ಬೇಕಾಗುತ್ತಿದ್ದ ಲಸಿಕೆಯ ನಾಲ್ಕನೆಯ ಒಂದು ಭಾಗದಷ್ಟರಲ್ಲೇ ಕೆಲಸ ಮುಗಿಸುವ ಕವಲುಸೂಜಿ ಇವು ಅದಕ್ಕೆ ನೆರವಾದವು. ೧೯೭೩ರಿಂದ ೧೯೭೫ರವರೆಗೆ ಭಾರತದಲ್ಲಿ ಮನೆಮನೆಯ ಶೋಧ ನಡೆದದ್ದು ಇದೇ ಮಾದರಿಯಲ್ಲಿ. ಕಾರ್ಯಕರ್ತರು ಸಿಡುಬಿನ ಮಗುವಿನ ಚಿತ್ರವಿದ್ದ ಪಟವನ್ನು ಹಿಡಿದು ಹಳ್ಳಿ ಹಳ್ಳಿ ಅಲೆದರು. ರೋಗಿಯ ಸುಳಿವು ಕೊಟ್ಟವರಿಗೆ ಬಹುಮಾನ ಘೋಷಿಸಲಾಯಿತು, ಕಡೆಗೆ ಅದು ಒಂದು ಸಾವಿರ ರೂಪಾಯಿಗೆ ಏರಿತು. ಬೇವಿನ ಸೊಪ್ಪು ಕಟ್ಟಿದ ಬಾಗಿಲು ಅಂಥ ಶೋಧಕರಿಗೆ ದೂರದಿಂದಲೇ ಕಾಣುವ ಗುರುತು; ಒಳಗೆ ಬರಬೇಡಿರೆಂದು ಕಟ್ಟಿದ ಸೊಪ್ಪು ಇಲ್ಲಿಗೇ ಬನ್ನಿರೆಂದೂ ಹೇಳುತ್ತಿತ್ತು. ೧೯೭೭ರಲ್ಲಿ ಭಾರತವನ್ನೂ ೧೯೮೦ರಲ್ಲಿ ಜಗತ್ತನ್ನೂ ಸಿಡುಬಿನಿಂದ ಮುಕ್ತವೆಂದು ಸಾರಲಾಯಿತು.

ರೋಗ ಹೋದರೂ ಅದರ ಹೆಸರು ಉಳಿದಿದೆ. ಅಮ್ಮ ಎಂಬ ಮಾತು ಇಂದು ಸೀತಾಳೆ ಸಿಡುಬಿಗೆ, ದಡಾರಕ್ಕೆ ಸಲ್ಲುತ್ತದೆ. ಬೇವಿನ ಸೊಪ್ಪು, ಒಗ್ಗರಣೆಯ ನಿಷೇಧ, ಎಣಿಸಿದ ದಿನದ ಸ್ನಾನಗಳು ಹಲವು ಮನೆಗಳಲ್ಲಿ ಹಾಗೆಯೇ ನಡೆದುಬಂದಿವೆ. ೧೯೭೦ರ ದಶಕದ ಮಧ್ಯಭಾಗಕ್ಕಿಂತ ಮೊದಲು ಹುಟ್ಟಿದ ಬಹುತೇಕರ ತೋಳಿನಲ್ಲಿ ‘ಮೈಲಿ ಹಾಕಿಸಿದ’ ದುಂಡನೆಯ ಕಲೆಗಳಿವೆ. ಆ ಕಲೆಗಳ ಬಗ್ಗೆ ಹಿರಿಯರು ಹೇಳುವ ಮಾತುಗಳನ್ನು, ಲಸಿಕೆ ಹಾಕುವವನ ಆಗಮನವನ್ನು ಕುರಿತ ನೆನಪುಗಳನ್ನು ತಾಲ್ಲೂಕುವಾರು ಸಂಗ್ರಹಿಸುವ ಕಾರ್ಯಕ್ಕೆ ಇನ್ನು ಹೆಚ್ಚು ಕಾಲಾವಕಾಶವಿಲ್ಲ.